ಮಳೆಗಾಲದಂಥ ಶರತ್ಕಾಲದಲ್ಲಿ ಸಕ್ಕರೆ ಬೀಟ್

ಸಕ್ಕರೆಯೆಂದೊಡನೆ ನಮ್ಮವರಿಗೆ ನೆನಪಾಗುವುದು ಕಬ್ಬು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾದ ಮೇಲಂತೂ ಈ ಸಂಬಂಧವಾದ ಮಾತೆಲ್ಲ ಕಬ್ಬಿನ ಸುತ್ತಲೇ ತಿರುಗುತ್ತ ಬಂದಿದೆ. ಆದರೆ ಪ್ರಪಂಚದಲ್ಲಿ ತಯಾರಾಗುವ ಸಕ್ಕರೆಯಲ್ಲಿ ಸುಮಾರು ಐದನೆಯ ಒಂದು ಪಾಲು ಕಬ್ಬಿನದಲ್ಲ. ನೆಲದೊಳಗೆ ಬೆಳೆಯುವ ಒಂದು ಬಿಳಿಯ ಗೆಡ್ಡೆಯದು. ನಾವು ಪಲ್ಯಕ್ಕೆ ಕೊಳ್ಳುವ ಕೆಂಪು ಬೀಟ್‌ರೂಟಿಗೆ ಇದು ದಾಯಾದಿ. ರೂಪದಲ್ಲಿ ದಪ್ಪ ಮೂಲಂಗಿಯಂತೆ, ತೂಕದಲ್ಲಿ ಎರಡು ಪೌಂಡಿನ ಆಸುಪಾಸು; ತೂಕದ ಮುಕ್ಕಾಲು ಪಾಲು ನೀರು, ಶೇಕಡಾ 16ರಿಂದ 18ರಷ್ಟು ಸಕ್ಕರೆ.

ಈ ಗೆಡ್ಡೆಯಲ್ಲಿರುವುದು ಕಬ್ಬಿನಲ್ಲಿರುವ ಸಕ್ಕರೆಯೇ ಎಂಬುದನ್ನು 1747ರಲ್ಲಿ ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಮಾರ್ಗ್ರಾಫನು ತೋರಿಸಿಕೊಟ್ಟನು. ಅವನ ಶಿಷ್ಯನಾದ ಆಖಾರ್ಡನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸೈಲೀಷಿಯಾದ ಕೂನರ್ನ್ ಎಂಬಲ್ಲಿ ಕಾರ್ಖಾನೆಯನ್ನು ಕಟ್ಟಿದನು. ವೆಸ್ಟ್ ಇಂಡೀಸಿನ ಸಕ್ಕರೆಯು ಇಂಗ್ಲಿಷರ ನೌಕಾಬಲದಿಂದ ಫ್ರಾನ್ಸಿಗೆ ಬಾರದೆ ಹೋದಾಗ, ನೆಪೋಲಿಯನ್ನನು 1811ರಲ್ಲಿ ಬೀಟ್ ಬೇಸಾಯಕ್ಕೆ ಆಜ್ಞೆ ಮಾಡಿದನು. ಯುದ್ಧದಲ್ಲಿ ಹುಟ್ಟಿ ಶಾಂತಿಕಾಲದಲ್ಲಿಯೂ ಉಳಿದುಕೊಂಡ ಕೈಗಾರಿಕೆಗಳಲ್ಲಿ ಇದೂ ಒಂದು.

ಬೀಟ್ ಎರಡು ವರ್ಷದ ಗಿಡ. ಮೊದಲನೆಯ ವರ್ಷ ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಬೇರಿನಲ್ಲಿ ಕೂಡಿಟ್ಟು, ಚಳಿಗಾಲವನ್ನು ಕಳೆದು, ಎರಡನೆಯ ವರ್ಷ ಆ ಗಂಟನ್ನು ಕರಗಿಸಿ ಹೂ ಬಿಟ್ಟು ಬೀಜ ಕಟ್ಟುವುದು ಅದರ ಸಂಕಲ್ಪ. ರೈತನು ಮೊದಲ ವರ್ಷದ ಕೊನೆಯಲ್ಲಿಯೇ ಅದನ್ನು ಕಿತ್ತು ಆ ಗಂಟನ್ನು ತಾನು ತೆಗೆದುಕೊಳ್ಳುತ್ತಾನೆ. ಹಿಂದೆ ಒಂದೊಂದು ಬೀಜದಿಂದಲೂ ಹಲವು ಸಸಿಗಳು ಹುಟ್ಟುತ್ತಿದ್ದುವು. ಒಂದನ್ನು ಉಳಿಸಿ ಮಿಕ್ಕುವನ್ನು ಕೈಗುದ್ದಲಿಯಿಂದ ತೆಗೆಯಲು ಅಮೆರಿಕಾದಲ್ಲಿ ಟೆಕ್ಸಾಸಿನಿಂದ ಮೆಕ್ಸಿಕನ್ ಮೂಲದ ಕೂಲಿಕಾರರು ಸಂಸಾರಸಮೇತರಾಗಿ ನೂರಾರು ಮೈಲಿ ಬಂದು ಬಿಸಿಲಲ್ಲಿ ಬೆನ್ನು ಬಗ್ಗಿಸಬೇಕಾಗಿತ್ತು. ಒಂದು ಬೀಜಕ್ಕೆ ಒಂದೇ ಸಸಿ ಕೊಡುವ ಗಿಡಗಳನ್ನು ಸವಿಟ್ಸ್‌ಕಿ ಎಂಬ ವಿಜ್ಞಾನಿಯು 1948ರಲ್ಲಿ ಆರೆಗನ್ ಸಂಸ್ಥಾನದ ಹೊಲವೊಂದರಲ್ಲಿ ಕಂಡುಹಿಡಿದಮೇಲೆ ಕ್ರಮೇಣ ಆ ದುಡಿಮೆ ತಪ್ಪಿತು.

ಇನ್ನು ಮಳೆಯ ವಿಷಯ. ಬೇಸಗೆಯಲ್ಲಿ ಬೀಟಿಗೆ ನೀರು ಬೇಕು; ಅದು ಬೇಡವಾಗುವುದು ಶರತ್ಕಾಲದಲ್ಲಿ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಚಳಿ, ನೆಲದಲ್ಲಿ ಸಾರಜನಕ ಬಹುಮಟ್ಟಿಗೆ ತೀರಿಹೋಗಿರುವುದು: ಇವು ಮೂರೂ ಕೂಡಿದರೆ ಗಿಡವು ಬೆಳೆಯುವುದನ್ನು ನಿಲ್ಲಿಸಿ ಸಕ್ಕರೆಯನ್ನು ಶೇಖರಿಸಲು ತೊಡಗುತ್ತದೆ. ಆ ಸಮಯದಲ್ಲಿ ಬಿಡದೆ ಮಳೆ ಹಿಡಿದರೆ ಗಿಡಕ್ಕೆ ಮತ್ತೆ ಯೌವನ ಬಂದಂತಾಗಿ ಹೊಸ ಎಲೆ ಚಿಗುರುತ್ತದೆ, ಅದಕ್ಕೆ ಬೇಕಾದ ಬಂಡವಾಳ ಬೇರಿನಿಂದಲೇ ಹೋಗುತ್ತದೆ. ಬೇರು ನೀರು ಕುಡಿದು ಉಬ್ಬುತ್ತದೆ. ತೂಕ ಹೆಚ್ಚಾಯಿತೆಂದು ನೋಡಿದವರು ಹಿಗ್ಗಬಹುದು. ಆದರೆ ಕಾರ್ಖಾನೆಯವರು ಹಣ ಕೊಡುವುದು ತೂಕಕ್ಕಷ್ಟೇ ಅಲ್ಲ, ಅದರೊಳಗಿನ ಸಕ್ಕರೆಗೆ. ಅದಲ್ಲದೆ ರಸದಲ್ಲಿ ಸಾರಜನಕದ ವಸ್ತುಗಳೂ ಲವಣಗಳೂ ಹೆಚ್ಚಾದಷ್ಟೂ ಸಕ್ಕರೆಯು ಹರಳುಗಟ್ಟದೆ ಕಾಕಂಬಿಯಲ್ಲಿ ಉಳಿದುಹೋಗುತ್ತದೆ. ನೀರು ನಿಂತ ನೆಲದಲ್ಲಿ ಬೇರಿಗೆ ಗಾಳಿಯಾಡದೆ ಕೊಳೆರೋಗ ಹತ್ತುವುದೂ ಉಂಟು.

ಇದೆಲ್ಲ ಇಳುವರಿಯ ಗುಣಕ್ಕೆ ಸಂಬಂಧಿಸಿದ ಮಾತು. ಬೆಳೆಯನ್ನು ಕೀಳಲೇ ಆಗದಂಥ ಗಂಡಾಂತರವೂ ಒಂದುಂಟು. ಅದನ್ನು ತಿಳಿಯಲು ಅಮೆರಿಕಾದ ರೆಡ್ ನದಿಯ ಕಣಿವೆಗೆ ಹೋಗೋಣ.

ಮಿನೆಸೋಟ, ನಾರ್ತ್ ಡಕೋಟ ಎಂಬೆರಡು ಸಂಸ್ಥಾನಗಳ ಎಲ್ಲೆಯಾಗಿ ಈ ನದಿ ಉತ್ತರಾಭಿಮುಖವಾಗಿ ಕೆನಡಾಕ್ಕೆ ಹರಿಯುತ್ತದೆ. ಕಣಿವೆಯೆಂಬುದು ಹೆಸರಿಗೆ ಮಾತ್ರ. ಹಿಮಯುಗದ ಕೊನೆಯಲ್ಲಿ ಅಲ್ಲಿದ್ದ ಅಗಾಸಿ ಎಂಬ ಮಹಾ ಸರೋವರವು ಬತ್ತಿ, ಅದರ ತಳವೇ ಈಗಿನ ಹೊಲವಾಗಿದೆ. ಬಹುಕಡೆ ಮೈಲಿಗೆ ಒಂದಡಿಯ ಇಳಿಜಾರೂ ಇಲ್ಲ. ಮಣ್ಣು ಕಪ್ಪು ಜೇಡಿ. ನಮ್ಮ ಧಾರವಾಡ ರಾಯಚೂರುಗಳ ಎರೆನೆಲದಲ್ಲಿ ಮಳೆ ಬಂದ ಮಾರನೆಯ ದಿನ ನಡೆದವರಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹೆಜ್ಜೆ ಹೆಜ್ಜೆಗೂ ಕಾಲಿಗೆ ಇನ್ನೊಂದು ಸೇರು ಮಣ್ಣು ಮೆತ್ತಿಕೊಳ್ಳುವ ನೆಲ ಅದು. ಬಿದ್ದ ನೀರು ಹರಿದುಹೋಗುವುದೂ ನಿಧಾನ, ಇಂಗುವುದೂ ನಿಧಾನ.

ಇಲ್ಲಿ ಬೀಟನ್ನು ಏಪ್ರಿಲ್ ಮೇ ತಿಂಗಳಲ್ಲಿ 22 ಅಂಗುಲ ಅಂತರದ ಸಾಲುಗಳಲ್ಲಿ ಬಿತ್ತುತ್ತಾರೆ. ಮುಖ್ಯ ಸುಗ್ಗಿ ಅಕ್ಟೋಬರ್ 1ಕ್ಕೆ ಆರಂಭವಾಗಿ, ಹಗಲಿರುಳೆನ್ನದೆ ಸುಮಾರು ಎರಡು ವಾರ ನಡೆಯತಕ್ಕದ್ದು. ಮೊದಲು ಒಂದು ಯಂತ್ರವು ರಬ್ಬರ್ ಪಟ್ಟಿಗಳಿಂದ ಸೊಪ್ಪನ್ನು ಬಡಿದು ತೆಗೆಯುತ್ತದೆ. ಹಿಂದೆ ಬರುವ ಯಂತ್ರದ ಚಕ್ರಗಳು ಗೆಡ್ಡೆಯನ್ನು ಎರಡು ಕಡೆಯಿಂದಲೂ ಚಿವುಟಿ ಹಿಡಿದು ಮೇಲೆತ್ತುತ್ತವೆ. ಗೆಡ್ಡೆಯು ಸರಪಣಿಗಳ ಮೇಲೆ ಉರುಳುತ್ತ ಮಣ್ಣುದುರಿಸಿಕೊಂಡು, ಪಕ್ಕದಲ್ಲಿಯೇ ಸಾಗುವ ಲಾರಿಗೆ ಬೀಳುತ್ತದೆ. ನೆಲ ಹದವಾಗಿದ್ದರೆ ನೋಡಲು ಸೊಗಸಾದ ಕೆಲಸ. ಕೆಸರಾದರೆ ಮಣ್ಣು ಉದುರದು, ಚಕ್ರ ಹೂಳುತ್ತದೆ, ಲಾರಿಯನ್ನು ಟ್ರ್ಯಾಕ್ಟರಿನಿಂದ ಎಳೆಸಬೇಕಾಗುತ್ತದೆ. ಕಾರ್ಖಾನೆಯಲ್ಲಿ ಪ್ರತಿ ರೈತನ ಮಾಲಿನಿಂದಲೂ ಮಾದರಿ ತೆಗೆದು, ತೊಳೆದು ತೂಗಿ, ಮಣ್ಣಿನ ಪಾಲನ್ನು ಕಳೆಯುತ್ತಾರೆ. ಮಣ್ಣನ್ನು ಸಾಗಿಸಿದ ಖರ್ಚು ವ್ಯರ್ಥ. ಭಾರವಾದ ಗಾಡಿಗಳು ಒದ್ದೆ ನೆಲವನ್ನು ತುಳಿದು ಗಟ್ಟಿಮಾಡಿದರೆ ಅದರ ಫಲವನ್ನು ಮುಂದಿನ ವರ್ಷದ ಗೋಧಿಯೂ ಉಣ್ಣಬೇಕು.

ಹಾಗಾದರೆ ನೆಲ ಆರುವವರೆಗೆ ಕಾಯಬಾರದೇಕೆ ಎಂದು ತಾವು ಕೇಳಬಹುದು. ಕಬ್ಬಿನ ರೈತನಿಗಾದರೆ ಅದು ಸಾಧ್ಯ. ನಿಂತ ಕಬ್ಬು ತಿಂಗಳು ತಡೆದರೆ ನಷ್ಟವಾದೀತು, ಬೆಳೆಯೇ ಹೋಗಲಾರದು. ಕಡಿದ ಮೇಲೆ ಮಾತ್ರ ಅದನ್ನು ಒಂದೆರಡು ದಿನದಲ್ಲಿ ಅರೆಯಬೇಕು. ಬೀಟಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಕಿತ್ತ ಮೇಲೆ ತಿಂಗಳುಗಟ್ಟಲೆ ಇಡಬಹುದು, ಕೀಳಲು ಮಾತ್ರ ಕಾಯುವಂತಿಲ್ಲ. ಕಾರ್ಖಾನೆಗಳು ವಸಂತದವರೆಗೂ ನಡೆಯುವುದರಿಂದ ಗೆಡ್ಡೆಗಳನ್ನು ಬಯಲಿನಲ್ಲಿಯೇ ಗುಡ್ಡದಂತೆ ಒಟ್ಟುತ್ತಾರೆ. ಅಲ್ಲಿ ಚಳಿಯೇ ಉಗ್ರಾಣ. ಆದರೆ ಗೆಡ್ಡೆಯು ಜೀವಂತ ವಸ್ತು; ರಾಶಿಯಲ್ಲಿಯೂ ಅದು ಉಸಿರಾಡುತ್ತ, ತನ್ನ ಸಕ್ಕರೆಯನ್ನು ತಾನೇ ಸುಡುತ್ತ, ಶಾಖವನ್ನು ಹೊರಡಿಸುತ್ತಿರುತ್ತದೆ. ಗೆಡ್ಡೆಗಳ ನಡುವಣ ಸಂದುಗಳಲ್ಲಿ ಕೆಸರು ತುಂಬಿದ್ದರೆ ಗಾಳಿ ಸುಳಿಯದೆ ಆ ಭಾಗ ಕಾದು ಕೊಳೆಯತೊಡಗುತ್ತದೆ. ಆದುದರಿಂದ ಗೆಡ್ಡೆಯ ಶಾಖವು ಸುಮಾರು 55 ಡಿಗ್ರಿ ಫಾರನ್‌ಹೀಟನ್ನು ಮೀರಿದಾಗಲೂ ಸುಗ್ಗಿಯನ್ನು ನಿಲ್ಲಿಸುವುದುಂಟು. ಇನ್ನೊಂದು ಕಡೆ ನೆಲದಲ್ಲಿದ್ದಾಗಲೇ ಗಡುಸಾದ ಹಿಮ ಬಿದ್ದು ಗೆಡ್ಡೆಯ ನೆತ್ತಿ ಹೆಪ್ಪುಗಟ್ಟಿ ಮತ್ತೆ ಕರಗಿತೆಂದರೆ ಜೀವಕೋಶಗಳು ಒಡೆದು ರಸ ಸೋರುತ್ತದೆ. ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಅಂಟಿನಂಥ ಒಂದು ವಸ್ತುವನ್ನು ಉಂಟುಮಾಡುತ್ತವೆ. ಅದು ಕಾರ್ಖಾನೆಯ ಶೋಧಕಗಳನ್ನು ಕಟ್ಟಿಹಾಕುತ್ತದೆ. ಹೀಗೆ ಸೆಕೆಗೂ ಹಿಮಕ್ಕೂ ನಡುವೆ ತೆರೆದಿರುವ ಕಿಟಕಿ ಬಲು ಕಿರಿದು. ಆ ಕಿಟಕಿಯಲ್ಲಿ ಮಳೆ ಬಂದು ಕುಳಿತರೆ ಏನಾಗುವುದೆಂಬುದನ್ನು 2019ನೆಯ ಇಸವಿ ತೋರಿಸಿತು.

ಆ ವರ್ಷ ಸೆಪ್ಟೆಂಬರಿನಲ್ಲಿಯೇ ನೆಲ ತೊಯ್ದು ತೊಟ್ಟಿಕ್ಕುತ್ತಿತ್ತು. ಅಕ್ಟೋಬರ್ 10ರಿಂದ 12ರವರೆಗೆ ನಾರ್ತ್ ಡಕೋಟದಲ್ಲಿ ಭಾರಿ ಹಿಮಪಾತವಾಯಿತು. ಅದು ಕರಗಿದ ನೀರು ಹೊಲಗಳಲ್ಲಿ ನಿಂತಿತು. ಬಳಿಕ ಹೆಪ್ಪುಗಟ್ಟಿಸುವ ಚಳಿ ಬಂದಿತು. ಎರಡು ವಾರದ ಸುಗ್ಗಿ ನವೆಂಬರಿನವರೆಗೂ ಎಳೆಯಿತು. ಅಲ್ಲಿನ ದೊಡ್ಡ ಸಂಸ್ಥೆಯಾದ ಅಮೆರಿಕನ್ ಕ್ರಿಸ್ಟಲ್ ಷುಗರ್ ಕಂಪೆನಿಯ ರೈತರು ಸಾಮಾನ್ಯವಾಗಿ 4 ಲಕ್ಷ ಎಕರೆಗಳಷ್ಟು ಬೆಳೆಯುವರು. ಆ ವರ್ಷ ಸುಮಾರು ಮೂರನೆಯ ಒಂದು ಪಾಲು ಬೆಳೆಯನ್ನು ಕೀಳಲಾಗಲಿಲ್ಲ.

ಈ ಕಂಪೆನಿಯ ರಚನೆಯನ್ನು ಸ್ವಲ್ಪ ಗಮನಿಸಬೇಕು. 1973ರಿಂದ ಇದು ಬೆಳೆಗಾರರದೇ ಸಹಕಾರ ಸಂಘ. ಷೇರು ಕೊಂಡವನಿಗೆ ಬೆಳೆಯುವ ಹಕ್ಕೂ ಉಂಟು, ಬೆಳೆದು ಒಪ್ಪಿಸುವ ಹೊಣೆಯೂ ಉಂಟು. ಗೆಡ್ಡೆ ಕಡಮೆ ಬಂದರೂ ಕಾರ್ಖಾನೆಯ ಸಂಬಳ, ಸಾಲ, ಯಂತ್ರಗಳ ಖರ್ಚು ಕಡಮೆಯಾಗುವುದಿಲ್ಲ. ಆದುದರಿಂದ ಕೀಳದೆ ಬಿಟ್ಟ ಪ್ರತಿ ಎಕರೆಗೂ 300 ಡಾಲರುಗಳಿಗೆ ಮಿಕ್ಕ ಹಣವನ್ನು ರೈತರೇ ಸಂಘಕ್ಕೆ ತೆರಬೇಕಾಯಿತು. ಬೀಜ, ಗೊಬ್ಬರ, ದುಡಿಮೆ ಎಲ್ಲವನ್ನೂ ಹಾಕಿ, ಬೆಳೆಯನ್ನು ಕಣ್ಣೆದುರಿಗೆ ನೆಲದಲ್ಲಿ ಬಿಟ್ಟು, ಅದಕ್ಕೆ ಮತ್ತೆ ದಂಡ ಕೊಟ್ಟಂತಾಯಿತು. ಇದು ಕ್ರೂರವೆಂದು ಮೊದಲು ತೋರುತ್ತದೆ. ಆದರೆ ಸಾಹಸದಿಂದ ಗೆಡ್ಡೆ ತಂದ ನೆರೆಯವನೂ ಆ ಸಂಘದ ಒಡೆಯನೇ. ಇಡೀ ಹೊರೆಯನ್ನು ಅವನ ಮೇಲೆ ಹೊರಿಸುವುದೂ ನ್ಯಾಯವಾಗದು. ಸಹಕಾರವೆಂಬುದು ಲಾಭವನ್ನು ಹಂಚಿಕೊಳ್ಳುವಾಗ ಸುಲಭ. ನಷ್ಟವನ್ನು ಹಂಚುವ ಲೆಕ್ಕವೇ ಕಷ್ಟ. ನಮ್ಮ ಸಹಕಾರ ಸಕ್ಕರೆ ಕಾರ್ಖಾನೆಗಳ ಸದಸ್ಯರಿಗೆ ಈ ಮಾತು ಹೊಸದೇನಲ್ಲ. ಅಮೆರಿಕಾದ ಕಾಂಗ್ರೆಸ್ಸು ಅದೇ ಡಿಸೆಂಬರಿನಲ್ಲಿ ವಿಪತ್ಪರಿಹಾರ ನಿಧಿಯನ್ನು ಬೀಟ್ ಬೆಳೆಗಾರರಿಗೂ ವಿಸ್ತರಿಸಿತು. ಸಕ್ಕರೆಯ ಕೊರತೆಯನ್ನು ನೀಗಲು ಮೆಕ್ಸಿಕೋದಿಂದ ಹೆಚ್ಚು ಆಮದಿಗೆ ಅವಕಾಶವಾಯಿತು.

ಹೊಲದಲ್ಲಿ ಉಳಿದ ಗೆಡ್ಡೆಗಳು ಚಳಿಗಾಲವೆಲ್ಲ ಕಲ್ಲಿನಂತೆ ಹೆಪ್ಪುಗಟ್ಟಿದ್ದು, 2020ರ ವಸಂತದಲ್ಲಿ ಕರಗಿ ಕೊಳೆತುವು. ಕೊಯ್ಲಿನ ಲಾರಿಗಳು ತೋಡಿದ್ದ ಆಳವಾದ ಗಾಡಿಜಾಡುಗಳನ್ನು ಮುಚ್ಚಿ, ಆ ಕೊಳೆತ ಗೆಡ್ಡೆಗಳನ್ನು ಮಣ್ಣಿನೊಳಕ್ಕೆ ಉತ್ತು, ರೈತರು ಅದೇ ನೆಲದಲ್ಲಿ ಮುಂದಿನ ಬೆಳೆಯನ್ನು ಬಿತ್ತಬೇಕಾಯಿತು.