ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಕೆಂಪು ಎಣ್ಣೆ: ಮನೆಯಲ್ಲೇ ಬದಲಿಸುವ ಬಗೆ

ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್‌ನಲ್ಲಿ ತುಂಬಿರುವ ಎಣ್ಣೆ ಏಕಕಾಲಕ್ಕೆ ನಾಲ್ಕು ಕೆಲಸಗಳನ್ನು ನಿರ್ವಹಿಸುತ್ತದೆ: ಎಂಜಿನ್ನಿನ ಶಕ್ತಿಯನ್ನು ಚಕ್ರಗಳತ್ತ ಸಾಗಿಸುತ್ತದೆ, ಒತ್ತಡ ಹೇರಿ ಗೇರ್ ಬದಲಿಸುತ್ತದೆ, ಲೋಹದ ಭಾಗಗಳು ಸವೆಯದಂತೆ ಕಾಯುತ್ತದೆ ಮತ್ತು ಈ ಎಲ್ಲದರಿಂದ ಹುಟ್ಟುವ ಬಿಸಿಯನ್ನು ಹೊರಗೆ ಒಯ್ಯುತ್ತದೆ. ಆದ್ದರಿಂದ ಈ ಎಣ್ಣೆಯನ್ನು ಗೇರ್‌ಬಾಕ್ಸ್‌ನ ಒಂದು ಬಿಡಿಭಾಗವೆಂದೇ ಎಣಿಸುವುದು ಸರಿ; ಅದನ್ನು ಮನೆಯಲ್ಲಿ ಬದಲಿಸಲು ಹೊರಟವರಿಗೆ ತೋಳ್ಬಲಕ್ಕಿಂತ ಅಳತೆಯ ಶಿಸ್ತು ಹೆಚ್ಚು ಬೇಕಾಗುತ್ತದೆ.

ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳ ನಡುವೆ ಟಾರ್ಕ್ ಕನ್ವರ್ಟರ್ ಎಂಬ ಎಣ್ಣೆ ತುಂಬಿದ ದುಂಡನೆಯ ಡಬ್ಬಿಯಿದ್ದು, ಅದರೊಳಗೆ ಎಂಜಿನ್ನಿನೊಂದಿಗೆ ತಿರುಗುವ ಅಲಗುಗಳು ಎಣ್ಣೆಯನ್ನು ರಭಸದಿಂದ ಎಸೆದಾಗ ಆ ರಭಸಕ್ಕೆ ಎದುರಿನ ಅಲಗುಗಳು ತಿರುಗಿ ಗೇರ್‌ಬಾಕ್ಸ್‌ಗೆ ಚಲನೆ ದೊರೆಯುತ್ತದೆ. ಅಲ್ಲಿಂದ ಮುಂದೆ, ಸದಾ ಎಣ್ಣೆಯಲ್ಲಿ ಮುಳುಗಿರುವ ತೆಳು ಕ್ಲಚ್ ತಟ್ಟೆಗಳ ಕಟ್ಟುಗಳಲ್ಲಿ ಯಾವುದು ಬಿಗಿಯಬೇಕು, ಯಾವುದು ಸಡಿಲಬೇಕು ಎಂಬುದನ್ನು ಕವಾಟಗಳ ಮೂಲಕ ಹರಿಯುವ ಎಣ್ಣೆಯ ಒತ್ತಡವೇ ತೀರ್ಮಾನಿಸುತ್ತದೆ. ಈ ತಟ್ಟೆಗಳು ಜಾರಲೂಬಾರದು, ಒಮ್ಮೆಲೇ ಕಚ್ಚಿಕೊಂಡು ಕಾರನ್ನು ಕುಲುಕಿಸಲೂಬಾರದು. ಜಾರುವಿಕೆ ಮತ್ತು ಹಿಡಿತಗಳ ನಡುವಿನ ಈ ಹದವನ್ನು ಕಾಯುವುದು ಎಣ್ಣೆಗೆ ಬೆರೆಸಿದ ಘರ್ಷಣೆ ನಿಯಂತ್ರಕ ರಾಸಾಯನಿಕಗಳು.

ಈ ರಾಸಾಯನಿಕಗಳ ಹಿಂದೆ ಸ್ವಾರಸ್ಯಕರವಾದ ಇತಿಹಾಸವಿದೆ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸನ್ನು ಪರಿಚಯಿಸಿದ ಮೇಲೆ, 1949ರಲ್ಲಿ ಅಂಥ ಗೇರ್‌ಬಾಕ್ಸ್‌ಗಳಿಗೆಂದೇ ‘ಟೈಪ್ ಎ’ ಎಂಬ ದ್ರವವನ್ನು ಗೊತ್ತುಪಡಿಸಿತು. ಆ ಕಾಲದ ದ್ರವಗಳಲ್ಲಿ ಘರ್ಷಣೆಯ ಹದ ಕಾಯಲು ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸಲಾಗುತ್ತಿತ್ತು; 1970ರ ದಶಕದ ಆರಂಭದಲ್ಲಿ ತಿಮಿಂಗಿಲದ ಉತ್ಪನ್ನಗಳನ್ನು ಅಮೆರಿಕ ನಿಷೇಧಿಸಿದಾಗ ತಯಾರಕರು ಕೃತಕ ಬದಲಿಗಳನ್ನು ಹುಡುಕಬೇಕಾಯಿತು. ಎಂಜಿನ್ ಆಯಿಲ್‌ನಿಂದ ಬೇರೆಯಾಗಿ ಕಾಣಲೆಂದು ಬೆರೆಸಿದ ಕೆಂಪು ಬಣ್ಣ ಮಾತ್ರ ಇಂದಿಗೂ ಬಹುಪಾಲು ದ್ರವಗಳಲ್ಲಿ ಉಳಿದಿದೆ. ಆದರೆ ಕೆಂಪಾಗಿರುವ ಎಣ್ಣೆಗಳೆಲ್ಲ ಒಂದೇ ಅಲ್ಲ. ಟೊಯೋಟದ ಡಬ್ಲ್ಯೂಎಸ್, ಹೋಂಡಾದ ಡಿಡಬ್ಲ್ಯೂ-1, ಜನರಲ್ ಮೋಟಾರ್ಸ್ 2005ರಲ್ಲಿ ತಂದ ಡೆಕ್ಸ್ರಾನ್-6 ಇವೆಲ್ಲ ಬೇರೆ ಬೇರೆ ಗುಣಮಾನಕ್ಕೆ ಸೇರಿದವು. ಕಾರಿನ ಕೈಪಿಡಿಯಲ್ಲಿ ಹೇಳಿದ ಗುಣಮಾನದ ಹೆಸರು ಡಬ್ಬಿಯ ಮೇಲೆ ಇದೆಯೇ ಎಂದು ಓದಿ ನೋಡದೆ ಕೊಳ್ಳುವುದು ಗೇರ್‌ಬಾಕ್ಸ್‌ನ ಆಯುಷ್ಯವನ್ನೇ ಪಣಕ್ಕೊಡ್ಡಿದಂತೆ.

ಭಾರತದಲ್ಲಿ ಇನ್ನೂ ಒಂದು ಎಚ್ಚರಿಕೆ ಅಗತ್ಯ. ಇಲ್ಲಿ ‘ಆಟೋಮ್ಯಾಟಿಕ್’ ಎಂದು ಮಾರಾಟವಾಗುವ ಕಾರುಗಳೊಳಗೆ ನಾಲ್ಕು ಬಗೆಯ ಯಂತ್ರಗಳಿವೆ. 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ಬಂದು ಜನಪ್ರಿಯವಾದ ಎಎಂಟಿ ಎಂಬುದು ಮೂಲತಃ ಮ್ಯಾನುಯಲ್ ಗೇರ್‌ಬಾಕ್ಸೇ ಆಗಿದ್ದು, ಕ್ಲಚ್ ಒತ್ತುವ ಮತ್ತು ಗೇರ್ ಹಾಕುವ ಕೆಲಸವನ್ನು ಮಾತ್ರ ಯಂತ್ರಕ್ಕೆ ವಹಿಸಲಾಗಿದೆ. ಅದಕ್ಕೆ ಬೇಕಾದದ್ದು ಸಾಮಾನ್ಯ ಗೇರ್ ಆಯಿಲ್. ಬೆಲ್ಟ್ ಮತ್ತು ರಾಟೆಗಳಿಂದ ನಡೆಯುವ ಸಿವಿಟಿಗೆ ಪ್ರತ್ಯೇಕ ದ್ರವವಿದೆ, ಎರಡು ಕ್ಲಚ್‌ಗಳ ಡಿಸಿಟಿಗೆ ಮತ್ತೊಂದು. ಈ ಲೇಖನದ ವಿವರಣೆ ಅನ್ವಯಿಸುವುದು ನಾಲ್ಕನೆಯದಾದ ಟಾರ್ಕ್ ಕನ್ವರ್ಟರ್ ಬಗೆಗೆ, ಅಂದರೆ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಕ್ರಿಸ್ಟಾದ ಆಟೋಮ್ಯಾಟಿಕ್ ಆವೃತ್ತಿಯಲ್ಲಿದ್ದಂಥ ಗೇರ್‌ಬಾಕ್ಸ್‌ಗೆ.

ಕೆಲವು ಕಾರುಗಳ ಕೈಪಿಡಿಗಳು ಈ ಎಣ್ಣೆಯನ್ನು ಬದಲಿಸುವ ಅಗತ್ಯವೇ ಇಲ್ಲವೆಂಬಂತೆ ಬರೆಯುತ್ತವೆ. ಆದರೆ ಹಲವು ಐರೋಪ್ಯ ಕಾರುಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒದಗಿಸುವ ಜರ್ಮನಿಯ ಝಡ್‌ಎಫ್ ಸಂಸ್ಥೆಯೇ ತನ್ನ ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿಲೋಮೀಟರ್‌ಗೊಮ್ಮೆ, ಇಲ್ಲವೇ ಎಂಟು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಲು ಸಲಹೆ ನೀಡುತ್ತದೆ. ಬಿಸಿಗೆ ಎಣ್ಣೆ ಹಳಸುತ್ತದೆ, ಕ್ಲಚ್ ತಟ್ಟೆಗಳ ಸವೆತ ಅದರಲ್ಲಿ ಸೇರುತ್ತ ಹೋಗುತ್ತದೆ. ನಗರದ ದಟ್ಟಣೆಯಲ್ಲಿ ತೆವಳುವ, ಘಟ್ಟ ಹತ್ತುವ, ಭಾರ ಹೊರುವ ಕಾರುಗಳಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ. ಎಂದೂ ಬದಲಿಸದ ಎಣ್ಣೆಯ ಮೇಲೆ ಭರವಸೆ ಇಡಲು ಸಕಾರಣವಿಲ್ಲ.

ಕಾರು ಸಮತಟ್ಟಾಗಿ ನಿಂತಿರಬೇಕು. ಕೆಳಗೆ ನುಸುಳಬೇಕಾದರೆ ನಾಲ್ಕೂ ಮೂಲೆಗಳಲ್ಲಿ ಭದ್ರವಾದ ಸ್ಟ್ಯಾಂಡ್‌ಗಳ ಆಸರೆ ಇರಲೇಬೇಕು. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ, ಮತ್ತು ಕೇವಲ ಜಾಕ್ ನಂಬಿ ಕಾರಿನಡಿ ಮಲಗಿದವರು ಪ್ರಾಣ ಕಳೆದುಕೊಂಡಿದ್ದಾರೆ. ಎಣ್ಣೆ ಇಳಿಸುವ ಡ್ರೇನ್ ಪ್ಲಗ್‌ಗೆ ಕೈ ಹಾಕುವ ಮೊದಲು ಎಣ್ಣೆ ತುಂಬುವ ಪ್ಲಗ್ಗನ್ನು ಬಿಚ್ಚಿ ನೋಡಬೇಕು, ಏಕೆಂದರೆ ಹಳೆಯ ಎಣ್ಣೆಯನ್ನೆಲ್ಲ ಸುರಿಸಿದ ಮೇಲೆ ತುಂಬುವ ಪ್ಲಗ್ ತುಕ್ಕು ಹಿಡಿದು ಬಿಗಿದಿರುವುದು ಗೊತ್ತಾದರೆ ಕಾರು ನಿಂತಲ್ಲಿಂದ ಕದಲುವಂತಿಲ್ಲ. ಇಳಿದ ಎಣ್ಣೆಯನ್ನು ಅಳತೆಯ ಗುರುತುಗಳಿರುವ ಪಾತ್ರೆಯಲ್ಲಿ ಹಿಡಿದು, ಎಷ್ಟು ಇಳಿಯಿತೋ ಅಷ್ಟೇ ಹೊಸ ಎಣ್ಣೆಯನ್ನು ಮೊದಲಿಗೆ ತುಂಬಬೇಕು. ಪ್ಲಗ್‌ನ ವಾಷರ್ ಒಮ್ಮೆ ಬಿಗಿದಾಗ ಚಪ್ಪಟೆಯಾಗುವುದರಿಂದ ಪ್ರತಿಸಲವೂ ಹೊಸತು ಬೇಕು.

ಗೇರ್‌ಬಾಕ್ಸ್‌ನ ತಳದಲ್ಲಿರುವ ಎಣ್ಣೆ ತಟ್ಟೆಯನ್ನೂ ಬಿಚ್ಚುವವರಿಗೆ ಒಳಗಿನ ಆರೋಗ್ಯ ಕಣ್ಣಿಗೇ ಕಾಣುತ್ತದೆ. ತಟ್ಟೆಯ ಒಳಮೈಗೆ ಅಂಟಿಸಿದ ಪುಟ್ಟ ಅಯಸ್ಕಾಂತಗಳ ಮೇಲೆ ಬೂದುಗಪ್ಪು ಲೇಪವೊಂದು ಕೂತಿರುತ್ತದೆ. ಬೆರಳಲ್ಲಿ ಉಜ್ಜಿದಾಗ ಅದು ಸಾಣೆಕಲ್ಲಿನ ಮೇಲೆ ತೇದ ಗಂಧದಷ್ಟು ನುಣ್ಣಗಿದ್ದರೆ ಸಹಜ ಸವೆತವೆಂದು ತಿಳಿದು ಒರೆಸಿ ಹಾಕಬಹುದು. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ ಒಳಗೆ ಯಾವುದೋ ಗೇರ್ ಇಲ್ಲವೇ ಬೇರಿಂಗ್ ಒಡೆಯುತ್ತಿದೆಯೆಂದೇ ಅರ್ಥ, ಹೊಸ ಎಣ್ಣೆಯಿಂದ ಅದು ವಾಸಿಯಾಗುವುದಿಲ್ಲ.

ಇನ್ನು ಎಣ್ಣೆಯ ಮಟ್ಟ ನೋಡುವುದು. ಮನೆಯಲ್ಲಿ ಮಾಡುವ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಬಿಸಿಗೆ ಎಣ್ಣೆ ಹಿಗ್ಗುತ್ತದೆ: ಎಂಟು ಲೀಟರ್ ಎಣ್ಣೆ 40 ಡಿಗ್ರಿ ಸೆಲ್ಸಿಯಸ್‌ನಿಂದ 90 ಡಿಗ್ರಿಗೆ ಏರಿದರೆ ಸುಮಾರು ಕಾಲು ಲೀಟರ್‌ನಷ್ಟು ಹೆಚ್ಚಿದಂತೆ ಕಾಣುತ್ತದೆ. ಹಾಗಾಗಿ ಮಟ್ಟವನ್ನು ಗೊತ್ತುಪಡಿಸಿದ ಉಷ್ಣತೆಯಲ್ಲಿ ಮಾತ್ರ ನೋಡಬೇಕು. ಅದು ಡಬ್ಲ್ಯೂಎಸ್ ದ್ರವ ಬಳಸುವ ಟೊಯೋಟದ ಹಲವು ಗೇರ್‌ಬಾಕ್ಸ್‌ಗಳಲ್ಲಿ ಸುಮಾರು 35ರಿಂದ 45 ಡಿಗ್ರಿ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಮಧ್ಯಾಹ್ನದ ಗಾಳಿಯೇ ಇಷ್ಟು ಬಿಸಿಯಿರುವುದರಿಂದ, ಕಾರು ರಾತ್ರಿಯಿಡೀ ತಣಿದ ಮೇಲೆ ಬೆಳಗಿನ ಜಾವದಲ್ಲಿ ಈ ಕೆಲಸಕ್ಕೆ ತೊಡಗುವುದು ಅಲ್ಲಿನವರಿಗೆ ಅನಿವಾರ್ಯ. ಎಣ್ಣೆಯ ಉಷ್ಣತೆಯನ್ನು, ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ ಸಿಕ್ಕಿಸುವ ಸ್ಕ್ಯಾನರ್ ಗೇರ್‌ಬಾಕ್ಸ್‌ನ ಮಾಹಿತಿಯನ್ನು ಓದಬಲ್ಲದಾದರೆ, ಅದರಿಂದಲೇ ತಿಳಿಯಬಹುದು.

ಹೊಸ ಗೇರ್‌ಬಾಕ್ಸ್‌ಗಳಲ್ಲಿ ಬಹಳಷ್ಟಕ್ಕೆ ಡಿಪ್‌ಸ್ಟಿಕ್ ಇರುವುದಿಲ್ಲ. ಅದರ ಬದಲು ಸರಿಯಾದ ಮಟ್ಟಕ್ಕೆ ನಿಲ್ಲಿಸಿದ ಒಂದು ಕೊಳವೆಯ ಮೂಲಕ ಹೆಚ್ಚುವರಿ ಎಣ್ಣೆ ಹೊರಹೋಗುವ ವ್ಯವಸ್ಥೆಯಿದೆ. ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಹಿಡಿದು, ಗೇರ್ ಲಿವರನ್ನು ಪ್ರತಿಯೊಂದು ಸ್ಥಾನದಲ್ಲೂ ಕೆಲವು ಕ್ಷಣ ನಿಲ್ಲಿಸಿ ಮತ್ತೆ ಪಾರ್ಕ್‌ಗೆ ತಂದು, ಉಷ್ಣತೆ ಹದಕ್ಕೆ ಬಂದಾಗ, ಎಂಜಿನ್ ಓಡುತ್ತಿರುವಂತೆಯೇ ಮಟ್ಟ ನೋಡುವ ಪ್ಲಗ್ಗನ್ನು ಬಿಚ್ಚಬೇಕು. ಎಂಜಿನ್ ನಿಂತಿದ್ದರೆ ಟಾರ್ಕ್ ಕನ್ವರ್ಟರ್‌ನ ಎಣ್ಣೆ ತಳಕ್ಕೆ ಇಳಿದು ಸುಳ್ಳು ಮಟ್ಟ ತೋರಿಸುತ್ತದೆ. ಮೊದಲು ಧಾರೆಯಾಗಿ ಸುರಿಯುವ ಎಣ್ಣೆ ಬರಬರುತ್ತ ಸಣ್ಣದಾಗಿ, ಕೊನೆಗೆ ಹನಿಹನಿಯಾದಾಗ ಪ್ಲಗ್ ಮುಚ್ಚಬೇಕು. ಹನಿಯೂ ಬಾರದಿದ್ದರೆ ಬರುವತನಕ ಮೇಲಿನಿಂದ ಸ್ವಲ್ಪ ಸ್ವಲ್ಪವೇ ತುಂಬಬೇಕು. ಕಡಿಮೆಯಾದ ಎಣ್ಣೆಯಲ್ಲಿ ಪಂಪ್ ಗಾಳಿಯನ್ನು ಹೀರಿ ಒತ್ತಡ ಕುಸಿಯುತ್ತದೆ, ಕ್ಲಚ್ ತಟ್ಟೆಗಳು ಜಾರಿ ಸುಡುತ್ತವೆ. ಹೆಚ್ಚಾದ ಎಣ್ಣೆಯನ್ನು ತಿರುಗುವ ಭಾಗಗಳು ಕಡೆದು ನೊರೆಯಾಗಿಸುವುದರಿಂದ ಪರಿಣಾಮ ಅದೇ ಆಗುತ್ತದೆ.

ಡ್ರೇನ್ ಪ್ಲಗ್‌ನಿಂದ ಇಳಿಯುವುದು ಒಟ್ಟು ಎಣ್ಣೆಯ ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಮಾತ್ರ. ಉಳಿದದ್ದು ಟಾರ್ಕ್ ಕನ್ವರ್ಟರ್ ಮತ್ತು ಕೂಲರ್‌ನಲ್ಲೇ ಉಳಿಯುತ್ತದೆ. ಪ್ರತಿಸಲ ನೂರಕ್ಕೆ 40ರಷ್ಟು ಇಳಿಯುವ ಗೇರ್‌ಬಾಕ್ಸ್‌ನಲ್ಲಿ, ನಡುನಡುವೆ ಕಾರು ಓಡಿಸುತ್ತ ಮೂರು ಬಾರಿ ಬದಲಿಸಿದರೆ ನೂರಕ್ಕೆ 78ರಷ್ಟು ಎಣ್ಣೆ ಹೊಸದಾಗುತ್ತದೆ. ಹೊಸ ಎಣ್ಣೆ ಹಾಕಿದ್ದರಿಂದಲೇ ಹಳೆಯ ಗೇರ್‌ಬಾಕ್ಸ್ ಕೆಟ್ಟಿತೆಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಅಂಥ ಗೇರ್‌ಬಾಕ್ಸ್‌ಗಳಲ್ಲಿ ಹೆಚ್ಚಿನವು ಮೊದಲೇ ಜಾರುತ್ತಿದ್ದು, ಕೊನೆಯ ಉಪಾಯವಾಗಿ ಎಣ್ಣೆ ಬದಲಿಸಿದಂಥವು. ಗೇರ್ ಜಾರುತ್ತಿರುವ, ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿರುವ ಕಾರನ್ನು ನುರಿತ ಮೆಕ್ಯಾನಿಕ್‌ಗೆ ಒಪ್ಪಿಸುವುದೇ ಲೇಸು.

ಇಳಿಸಿದ ಹಳೆಯ ಎಣ್ಣೆಯನ್ನು ಚರಂಡಿಗಾಗಲಿ ತೋಟದ ಮಣ್ಣಿಗಾಗಲಿ ಸುರಿಯುವಂತಿಲ್ಲ. ಬಳಸಿದ ಎಣ್ಣೆಯು 2016ರ ಕೇಂದ್ರ ನಿಯಮಗಳ ವ್ಯಾಪ್ತಿಗೆ ಬರುವ ಅಪಾಯಕಾರಿ ತ್ಯಾಜ್ಯ. ಹೊಸ ಎಣ್ಣೆ ಬಂದ ಡಬ್ಬಿಗಳಲ್ಲೇ ಅದನ್ನು ತುಂಬಿ, ಪರವಾನಗಿ ಪಡೆದ ಮರುಬಳಕೆದಾರರಿಗೆ ಎಣ್ಣೆ ಒಪ್ಪಿಸುವ ಸರ್ವಿಸ್ ಸೆಂಟರಿಗೆ ತಲುಪಿಸಬಹುದು.