ನಿಮಗಿದು ಗೊತ್ತೆ? ಫ್ರಾನ್ಸಿನ ಗಟ್ಟಿ ರಿವಾಲ್ವರ್ ಎಂಆರ್ 73

● ಫ್ರಾನ್ಸಿನ ಮ್ಯುಲೂಸ್ ನಗರದ ಮಾನ್ಯುರಿನ್ ಕಂಪನಿ ತಯಾರಿಸಿದ ರಿವಾಲ್ವರಿನ ಹೆಸರು 'ಎಂಆರ್ 73'. ಹೆಸರಿನಲ್ಲಿರುವ 73, ಅದು ಬಂದ 1973ನೇ ಇಸವಿಯನ್ನು ಹೇಳುತ್ತದೆ.

● ಇದರ ತಿರುಗುವ ಉರುಳೆಯಲ್ಲಿ ಆರು ಗುಂಡು ತುಂಬಬಹುದು. ಬಳಸುವುದು ಬಲವಾದ .357 ಮ್ಯಾಗ್ನಂ ಗುಂಡು. ಉರುಳೆ ಬದಲಿಸಿದರೆ 9 ಮಿ.ಮೀ. ಗುಂಡನ್ನೂ ಹಾರಿಸಬಹುದು.

● ಫ್ರಾನ್ಸಿನ ವಿಶೇಷ ಕಮಾಂಡೊ ಪಡೆ 'ಜಿಐಜಿಎನ್' ಇದನ್ನು ಆರಿಸಿಕೊಂಡಿತು. ದಿನವೂ ನೂರಾರು ಗುಂಡು ಹಾರಿಸಿ ಅಭ್ಯಾಸ ಮಾಡುವ ಪಡೆಗೆ ಬೇಗ ಸವೆಯದ ಆಯುಧವೇ ಬೇಕಿತ್ತು.

● 1994ರ ಡಿಸೆಂಬರ್ 26ರಂದು ಮಾರ್ಸೇಯ್ ಬಳಿಯ ಮಾರಿನ್ಯಾನ್ ನಿಲ್ದಾಣದಲ್ಲಿ ಅಪಹೃತ ಏರ್ ಫ್ರಾನ್ಸ್ ವಿಮಾನಕ್ಕೆ ಈ ಪಡೆ ನುಗ್ಗಿತು. ನಾಲ್ವರು ಅಪಹರಣಕಾರರೂ ಸತ್ತರು. ಮೊದಲು ಒಳಹೊಕ್ಕ ಥಿಯರಿ ಪ್ರುಂಗ್ನೋ ಕೈಯಲ್ಲಿದ್ದದ್ದು ಎಂಆರ್ 73. ಅವರು ತೀವ್ರವಾಗಿ ಗಾಯಗೊಂಡರೂ ಬದುಕುಳಿದರು.

● 1998ರ ನಂತರ ಇದರ ತಯಾರಿಕೆ ಶಾಪುಯಿ ಆರ್ಮ್ಸ್ ಕಂಪನಿಯ ಪಾಲಾಯಿತು.

● ಫ್ರೆಂಚ್ ಆಯುಧ ಕೌಶಲದ ಮೇಲೆ ನಮ್ಮ ನಾಡಿಗೂ ಹಿಂದಿನಿಂದ ಆಸಕ್ತಿ ಇತ್ತು. ಟಿಪ್ಪು ಸುಲ್ತಾನನ ರಾಯಭಾರಿಗಳು 1788ರಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿಯನ್ನು ಕಂಡು ಕುಶಲಕರ್ಮಿಗಳನ್ನು ಕಳುಹಿಸಿಕೊಡುವಂತೆ ಕೇಳಿದ್ದರು.

● ನೆನಪಿರಲಿ: ಭಾರತದಲ್ಲಿ ಪರವಾನಗಿ ಇಲ್ಲದೆ ರಿವಾಲ್ವರ್ ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.