ಗುಜರಿ ಆಂಪ್‌ಗೆ ಮರುಜೀವ

ಗುಜರಿ ಅಂಗಡೀಲಿ ಹಳೇ ವಾಲ್ವ್ ಗಿಟಾರ್ ಆಂಪ್ ಕಂಡರೆ ನಾನು ಮೊದಲು ಎತ್ತಿ ನೋಡ್ತೀನಿ. ಭಾರ ಇದ್ದರೆ ಖುಷಿ. ಅಂದ್ರೆ ತಾಮ್ರದ ಆಸೆಗೆ ಯಾರೂ ಟ್ರಾನ್ಸ್‌ಫಾರ್ಮರ್ ಕಿತ್ತಿಲ್ಲ. ದುಬಾರಿ ಭಾಗವೇ ಅದು. ವಾಲ್ವ್ ಹೋಗಿದ್ದರೆ ಚಿಂತೆಯಿಲ್ಲ. 12ಎಎಕ್ಸ್7, ಇಎಲ್84 ಥರದವು ಇವತ್ತಿಗೂ ಹೊಸದಾಗಿ ತಯಾರಾಗ್ತಿವೆ.

ಮನೆಗೆ ತಂದ ಕೂಡಲೇ ಪ್ಲಗ್ ಹಾಕೋ ಆಸೆ ಆಗುತ್ತೆ. ಬೇಡ. ಹಿಂಬದಿ ಬರೆದಿರೋದನ್ನು ಓದಿ. ಅಮೆರಿಕಕ್ಕೆಂದು ಮಾಡಿದ ಆಂಪ್ ಸುಮಾರು 120 ವೋಲ್ಟಿನದು. ನಮ್ಮ 230ಕ್ಕೆ ನೇರವಾಗಿ ಕೊಟ್ಟರೆ ಸುಟ್ಟು ಹೋಗುತ್ತೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ನಿಜವಾದ ಅಪಾಯ ಒಳಗಿದೆ. ಪ್ಲಗ್ ತೆಗೆದ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 300–400 ವೋಲ್ಟ್ ಉಳಿದಿರಬಹುದು. ಹಾಗಾಗಿ ಬಿಚ್ಚೋ ಕೆಲಸ ವಾಲ್ವ್ ರೇಡಿಯೊ ರಿಪೇರೀಲಿ ಪಳಗಿದ ನಮ್ಮ ಏರಿಯಾ ಮೇಷ್ಟ್ರದ್ದು. ರೆಸಿಸ್ಟರ್ ಮೂಲಕ ಚಾರ್ಜ್ ಇಳಿಸಿ, ಮೀಟರ್ ಹಿಡಿದು ನೋಡಿದ ಮೇಲೇ ಅವರು ಕೈ ಹಾಕೋದು. ಒಣಗಿದ ಕೆಪಾಸಿಟರ್ ಬದಲಿಸಿ, ಅರ್ಥ್ ಇರೋ ಮೂರು ಪಿನ್ನಿನ ವೈರ್ ಹಾಕ್ತಾರೆ. ಸ್ಪೀಕರ್ ಜೋಡಿಸದೆ ಆನ್ ಮಾಡೋದೇ ಇಲ್ಲ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು ಅಂತ.

ಮೊದಲ ಸಲ ಆನ್ ಮಾಡುವಾಗ ಹಳೇ ಫಿಲಮೆಂಟ್ ಬಲ್ಬೊಂದು ಸೀರೀಸ್‌ನಲ್ಲಿರುತ್ತೆ. ಅದು ಒಮ್ಮೆ ಬೆಳಗಿ ಮಂಕಾದರೆ ಒಳ್ಳೇ ಲಕ್ಷಣ. ಜೋರಾಗಿ ಉರೀತಾನೇ ಇದ್ದರೆ ಒಳಗೆಲ್ಲೋ ಶಾರ್ಟ್.

ಪಾಲಿಶ್, ಹೊಸ ಬಟ್ಟೆ ಎಲ್ಲಾ ಆಮೇಲೆ. ಮೊದಲು ಜೀವ: ಆಂಪ್‌ನದೂ, ನಮ್ಮದೂ.